ಕಣ್ಣು ಮುಚ್ಚಿ ಕಾಯಿಸಿದ ಎಣ್ಣೆ

ಮೈಸೂರಿನ ಅಂಚಿನ ಹಿನಕಲ್ ಕಡೆ ಮನೆ ಮಾಡಿಕೊಂಡ ಮೇಲೆ ನನಗೆ ಬೆಳಗಿನ ವಾಕಿಂಗ್ ಗಂಟುಬಿದ್ದಿದೆ. ಡಾಕ್ಟರು ಹೇಳಿದ್ದಾರೆ, ಮಗಳು ಕಾವಲಿದ್ದಾಳೆ, ಹಾಗಾಗಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಮೊನ್ನೆ ನಮ್ಮ ಬಡಾವಣೆಯ ತುದಿಯ ಖಾಲಿ ಸೈಟಿನಲ್ಲಿ ಒಬ್ಬಾತ ಬೇಲಿ ಸವರುತ್ತಿದ್ದ. ರಾತ್ರಿ ಮಳೆಯಾಗಿತ್ತು. ಮಚ್ಚು ಬಿದ್ದ ಕಡೆಯಿಂದ ಕಹಿ ಘಾಟೊಂದು ಎದ್ದು ನೇರವಾಗಿ ಮೂಗಿಗೆ ಬಂತು. ಲಕ್ಕಿ ಸೊಪ್ಪು. ನಾನು ಅಲ್ಲೇ ನಿಂತುಬಿಟ್ಟೆ.

“ಒಂದು ಹಿಡಿ ತಗೊಳ್ಲಾ?” ಅಂದೆ.

“ಹಿಡಿ ಯಾಕಕ್ಕ, ಹೊರೆನೇ ತಗೊಂಡೋಗಿ. ಯಾರ್ಗೆ ಮಂಡಿ ನೋವು?”

“ಯಾರಿಗೂ ಇಲ್ಲ, ಸುಮ್ನೆ.”

ಸುಮ್ಮನೆ ಲಕ್ಕಿ ಸೊಪ್ಪು ಕೇಳುವ ಹೆಂಗಸನ್ನು ಅವನು ಅದೇ ಮೊದಲು ನೋಡಿದ್ದಿರಬೇಕು. ಎರಡು ಕೊಂಬೆ ಮುರಿದು ಕೊಟ್ಟು ಮತ್ತೆ ತನ್ನ ಕೆಲಸಕ್ಕೆ ಹತ್ತಿದ. ನಾನು ಎಲೆ ಉಜ್ಜಿ ಉಜ್ಜಿ ಮೂಸುತ್ತಾ ಮನೆಗೆ ಬಂದೆ. ದಾರಿಯುದ್ದಕ್ಕೂ ನೆನಪಾದದ್ದು ಲಷ್ಕರ್ ಮೊಹಲ್ಲಾದ ನಮ್ಮ ಮನೆ, ಚಿಕೂನ್‌ಗುನ್ಯಾ ಬಂದ ಆ ಮಳೆಗಾಲ, ಮತ್ತು ನಮ್ಮಮ್ಮ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು, ಒಲೆಯ ಮೇಲಿನ ಎಣ್ಣೆಗೆ ಕೈಯಾಡಿಸಿದ ಒಂದು ಮಧ್ಯಾಹ್ನ.

ಆಗ ನಾನು ಬಿ.ಎಡ್. ಓದುತ್ತಿದ್ದೆ. ಮುಂದೆ ಅಪ್ಪನ ಪಾತ್ರೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಪುಟ್ಟಮ್ಮಣ್ಣಿ, ಕೋರ್ಟಿನಲ್ಲಿ ಟೈಪಿಸ್ಟಾಗಿದ್ದ ಮದುವೆಯಾಗದ ಚಿಕ್ಕಪ್ಪ, ಮತ್ತು ನಾನು. ಅಂಗಡಿಗೆ ಅಪ್ಪ ಯಜಮಾನನಾದರೂ ಬೀದಿಯಲ್ಲಿ ಹೆಸರಿದ್ದದ್ದು ಅಜ್ಜಿಗೆ. ಪಾತ್ರೆ ಅಂಗಡಿ ಎಲ್ಲಿ ಅಂತ ಯಾರಾದರೂ ಕೇಳಿದರೆ, ‘ಎಣ್ಣೆ ಪುಟ್ಟಮ್ಮಣ್ಣಿಯವರ ಮನೆ ಮುಂದೆ’ ಅನ್ನುತ್ತಿದ್ದರು. ಬೋರ್ಡಿಗೆ ಬಣ್ಣ ಹೊಡೆಸಿದ್ದು ದಂಡವಾಯಿತು ಅಂತ ಅಪ್ಪ ಗೊಣಗುತ್ತಿದ್ದ.

ಅಜ್ಜಿಯ ಎಣ್ಣೆ ಕೈಕಾಲು ನೋವಿಗೆ, ಉಳುಕಿಗೆ, ಊತಕ್ಕೆ. ಅದಕ್ಕೆ ಅವಳು ಕಾಸು ಮುಟ್ಟುತ್ತಿರಲಿಲ್ಲ. ಬಾಟಲಿ ಮಾತ್ರ ಅವರವರೇ ತರಬೇಕು. ಕೆಮ್ಮಿನ ಔಷಧಿಯ ಬಾಟಲಿ, ಜಾಮ್ ಬಾಟಲಿ, ಸೆಂಟಿನ ಬಾಟಲಿ, ಒಬ್ಬರು ಶಾಯಿ ಬಾಟಲಿಯನ್ನೇ ತೊಳೆದು ತಂದಿದ್ದರು. ಎಣ್ಣೆ ಕೊಟ್ಟ ಮೇಲೆ ಮೊದಲ ಸಲ ಅಜ್ಜಿಯೇ ಹಚ್ಚಿಕೊಡಬೇಕು, ಅದು ಕ್ರಮ. ಎಣ್ಣೆ ಅರ್ಧ, ಪುಟ್ಟಮ್ಮಣ್ಣಿಯವರ ಕೈಗುಣ ಅರ್ಧ ಅಂತ ಬೀದಿಯವರ ನಂಬಿಕೆ. ಅಜ್ಜಿಯ ಲೆಕ್ಕದಲ್ಲಿ ಕೈಗುಣ ಇನ್ನೂ ಸ್ವಲ್ಪ ಜಾಸ್ತಿ.

ಎಣ್ಣೆಯಲ್ಲಿ ಏನೇನಿದೆ ಅನ್ನುವುದು ಗುಟ್ಟು. ಎಣ್ಣೆ ಕಾಯಿಸುವ ದಿನ ಅಜ್ಜಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಾಮಾನು ತರುವುದೂ ಒಂದೇ ಅಂಗಡಿಯಿಂದಲ್ಲ. ನಾರುಬೇರು ಮಾರುವ ಒಂದು ಗ್ರಂಧಿಗೆ ಅಂಗಡಿಯಲ್ಲಿ ಎರಡು ಪೊಟ್ಟಣ, ಇನ್ನೊಂದರಲ್ಲಿ ಒಂದು, ಮಾರ್ಕೆಟ್ಟಿನ ಸೊಪ್ಪಿನವಳ ಹತ್ತಿರ ಒಂದು. ಯಾವ ಅಂಗಡಿಯವನಿಗೂ ಪೂರ್ತಿ ಗೊತ್ತಾಗಬಾರದು. ಎಲ್ಲ ಮುಗಿದ ಮೇಲೆ ಬಾಗಿಲು ತೆಗೆದು, ಸೋಸಿದ ಎಣ್ಣೆಯ ಭರಣಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಗೆ ಬರುತ್ತಿದ್ದಳು. ಕಬ್ಬಿಣದ ಬಾಂಡ್ಲಿಯನ್ನು ಅಮ್ಮ ತೊಳೆಯಲು ಬಚ್ಚಲಿಗೆ ಹಾಕುತ್ತಿದ್ದಳು.

ಹೇಳಿದರೆ ಹೇಳಿದವರ ಕೈಗುಣ ಕೇಳಿದವರಿಗೆ ಹೋಗಿಬಿಡುತ್ತದೆ ಅಂತ ಅಜ್ಜಿ ನಂಬಿದ್ದಳು. ಅವಳ ಅತ್ತೆ ಹಾಸಿಗೆ ಹಿಡಿದ ಮೇಲೆಯೇ ಇವಳಿಗೆ ಹೇಳಿದ್ದಂತೆ. ಹೇಳಿದ ಮಾರನೆಯ ದಿನದಿಂದ ಆಕೆ ಮುಟ್ಟಿದರೆ ಒಂದು ಹಲ್ಲುನೋವೂ ಇಳಿಯಲಿಲ್ಲವಂತೆ. ಹಾಗಾಗಿ ಎಣ್ಣೆಯ ವಿವರ ಹೇಳುವುದೆಂದರೆ, ಇನ್ನು ನನ್ನಿಂದ ಏನೂ ಆಗುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಅಜ್ಜಿಗೆ ಅದಕ್ಕೆ ಮನಸ್ಸಿರಲಿಲ್ಲ.

ಅಮ್ಮನಿಗೆ ಇದೊಂದು ಕೊರಗು. ನಂಜನಗೂಡಿನ ಕಡೆಯಿಂದ ಈ ಮನೆಗೆ ಬಂದು ಇಪ್ಪತ್ತು ಚಿಲ್ಲರೆ ವರ್ಷ ಆಗಿತ್ತು. ಅವಳು ಜಗಳವಾಡುವವಳಲ್ಲ, ಆದರೆ ಒಂದು ದಿನ ಅವರೆಕಾಯಿ ಸುಲಿಯುತ್ತಾ ನನ್ನ ಹತ್ತಿರ ಹೇಳಿಯೇಬಿಟ್ಟಳು. “ಬೀರು ಬೀಗದಕೈ ಕೊಟ್ಟವ್ರೆ, ದೇವರ ಮನೆ ಬೆಳ್ಳಿ ಕೊಟ್ಟವ್ರೆ. ಅತ್ತೆ ನನ್ನ ಚೆನ್ನಾಗೇ ನೋಡ್ಕೊಂಡವ್ರೆ, ಇಲ್ಲ ಅನ್ನಲ್ಲ. ಆದ್ರೆ ಎಣ್ಣೆ ವಿಷ್ಯ ಬಂತು ಅಂದ್ರೆ ನಾನು ಹೊರಗಿನೋಳು ಆಗ್ಬುಡ್ತೀನಿ ಕಣೇ.” ಅಷ್ಟು ಹೇಳಿ ಸಿಪ್ಪೆ ಬಾಚಿಕೊಂಡು ಎದ್ದು ಹೋದಳು.

ಜ್ವರ ನಮ್ಮ ಬೀದಿಗೆ ಬಂದದ್ದು ಮುಂಗಾರು ಹಿಡಿದ ಮೇಲೆ. ಮಳೆಯೇನೂ ದೊಡ್ಡದಲ್ಲ, ಮೈಸೂರಿನ ಸೋನೆ ಮಳೆ. ಬಟ್ಟೆ ಒಣಗದಷ್ಟು, ಚರಂಡಿ ಹರಿಯದಷ್ಟು. ಸೊಳ್ಳೆಗೆ ಅದಕ್ಕಿಂತ ಇನ್ನೇನು ಬೇಕು. ಮೊದಲು ಟೈಲರ್ ಮಲಗಿದ, ಆಮೇಲೆ ಹಾಲಿನವನು, ಆಮೇಲೆ ಲೆಕ್ಕವಿಡಲು ಆಗಲಿಲ್ಲ. ಜನರ ಬಾಯಲ್ಲಿ ಅದು ಚಿಕನ್ ಗುನ್ಯ ಆಗಿ, ಬೀದಿಯ ಕೋಳಿ ಅಂಗಡಿಯವನು ನೊಣ ಹೊಡೆಯುತ್ತಾ ಕೂತ. ಹುಟ್ಟಿದಾರಭ್ಯ ಕೋಳಿ ಮುಟ್ಟದ ನಮ್ಮ ಮನೆಗೆ ಅದು ಹೇಗೆ ಬಂತು ಅಂತ ಅಜ್ಜಿಗೆ ಅರ್ಥವೇ ಆಗಲಿಲ್ಲ. ಚಿಕ್ಕಪ್ಪನ ಮೇಲೆ ಸ್ವಲ್ಪ ದಿನ ಅನುಮಾನವಿತ್ತು.

ನಮ್ಮ ಮನೆಯಲ್ಲಿ ಚಿಕ್ಕಪ್ಪನೇ ಮೊದಲು ಮಲಗಿದ್ದು. ಮಾರನೆಯ ವಾರ ನಾನು. ಜ್ವರ ಬೇಗ ಬಿಟ್ಟಿತು, ನೋವು ಬಿಡಲಿಲ್ಲ. ಬೆಳಗ್ಗೆ ಎದ್ದರೆ ಪಾದ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ನಲ್ಲಿ ತಿರುಗಿಸಲು ಆಗದು, ಲೋಟ ಎತ್ತಲು ಆಗದು, ಜಡೆ ಹಾಕಿಕೊಳ್ಳುವ ಮಾತು ದೂರವೇ ಉಳಿಯಿತು. ಇಪ್ಪತ್ತೆರಡರ ಹುಡುಗಿ ನಾನು ಗೋಡೆ ಹಿಡಿದು ನಡೆಯುತ್ತಿದ್ದರೆ ಅಜ್ಜಿ ನನ್ನ ಮುಂದೆ ಸರಸರ ಓಡಾಡುತ್ತಿದ್ದಳು. “ಈಗಿನ ಕಾಲದ ಮೂಳೆ ಇಷ್ಟೇಯ,” ಅನ್ನುತ್ತಿದ್ದಳು. ಬೀದಿಯಲ್ಲಿ ನೋಡಿದರೆ ಗಂಡಸರೆಲ್ಲ ಬಗ್ಗಿ ಬಗ್ಗಿ ನಡೆಯುತ್ತಿದ್ದರು. ಕಾಸು ಕಳೆದುಕೊಂಡು ಹುಡುಕುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಮೂಲೆ ಕ್ಲಿನಿಕ್ಕಿನ ಡಾಕ್ಟರು ಜ್ವರಕ್ಕೆ ಮಾತ್ರೆ ಕೊಟ್ಟು, ಚೆನ್ನಾಗಿ ನೀರು ಕುಡಿಯಿರಿ, ಮಲಗಿ ಅನ್ನುತ್ತಿದ್ದರು. “ನೋವು ನಿಧಾನಕ್ಕೆ ತಾನೇ ಹೋಗ್ತದೆ ಕಣಮ್ಮ. ನಿಮ್ಮಜ್ಜಿ ಎಣ್ಣೆ ಹಚ್ಕೊಂಡ್ರೆ ನಂದೇನೂ ತಕರಾರಿಲ್ಲ,” ಅಂದು ದನಿ ತಗ್ಗಿಸಿ, “ನಂಗೂ ಒಂದು ಬಾಟ್ಲಿ ಕಳ್ಸು,” ಅಂದರು. ಅವರೂ ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಂಡೇ ಎದ್ದರು.

ಆ ಕಷ್ಟದ ನಡುವೆಯೂ ಆ ತಿಂಗಳುಗಳನ್ನು ನೆನೆದರೆ ನನಗೆ ಸಂತೋಷವೇ ಆಗುತ್ತದೆ. ಕಾಲೇಜಿಲ್ಲ, ಅಂಗಡಿ ಅರ್ಧ ಬಾಗಿಲು, ಮನೆಯವರೆಲ್ಲ ನಡುಮನೆಯಲ್ಲಿ ಸಾಲಾಗಿ ಚಾಪೆಯ ಮೇಲೆ. ಅಮ್ಮನಿಗೆ ಮಾತ್ರ ಜ್ವರ ಬರಲಿಲ್ಲ. ಬರಲು ಅವಳಿಗೆ ಪುರುಸೊತ್ತೆಲ್ಲಿತ್ತು. ಬೆಳಗ್ಗೆ ಅಮೃತಬಳ್ಳಿಯ ಕಷಾಯ, ಮಧ್ಯಾಹ್ನ ಮೆಣಸಿನ ಸಾರು ಮೆತ್ತಗಿನ ಅನ್ನ, ಸಂಜೆ ಅಜ್ಜಿಯ ಎಣ್ಣೆ, ಮೇಲೆ ಬಿಸಿನೀರು. ಕಷಾಯ ಎಷ್ಟು ಕಹಿಯೆಂದರೆ ಚಿಕ್ಕಪ್ಪ ಪ್ರತಿದಿನ ಕುಡಿಯುವ ಮುಂಚೆ ಯಾರ ಯಾರ ಪಾಪ ನನ್ನ ಮೇಲಿದೆ ಅಂತ ಕೇಳುತ್ತಿದ್ದ. ಕುಡಿದ ಮೇಲೆ ಅಮ್ಮ ಬಾಯಿಗೆ ಬೆಲ್ಲದ ಚೂರು ಹಾಕುತ್ತಿದ್ದಳು. ಬೆಲ್ಲಕ್ಕೋಸ್ಕರ ಅಪ್ಪ ಎರಡನೇ ಲೋಟ ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಜ್ಜಿಗಂತೂ ಅದು ಸುಗ್ಗಿ. ಬೆಳಗಾಗುತ್ತಿದ್ದ ಹಾಗೆ ಜಗಲಿಯ ಮೇಲೆ ಬಾಟಲಿಗಳು ಸಾಲುಗಟ್ಟುತ್ತಿದ್ದವು. ಒಬ್ಬೊಬ್ಬರ ಮಂಡಿ, ಮಣಿಕಟ್ಟು ಹಿಡಿದು ಎಣ್ಣೆ ತೀಡುತ್ತಾ ಅವರ ಮನೆಯ ಸುದ್ದಿಯನ್ನೆಲ್ಲ ತೆಗೆಯುತ್ತಿದ್ದಳು. ಪಕ್ಕದ ಮನೆಯ ಟೀಚರಮ್ಮ ದಿನಾ ಬರುತ್ತಿದ್ದರು. ಅವರ ಮಾವನವರು ಅರಮನೆಯ ಕಚೇರಿಯಲ್ಲಿದ್ದವರು, ಟೀಚರಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಯಾವುದನ್ನೂ ಬಿಡಿಸಿ ನೋಡದೆ ಒಪ್ಪುವವರಲ್ಲ. “ಪುಟ್ಟಮ್ಮಣ್ಣಿಯೋರೆ, ಇದರಲ್ಲಿ ಏನೇನು ಹಾಕ್ತೀರಿ, ಈಗ್ಲಾದ್ರೂ ಹೇಳ್ಬಾರ್ದೆ?” ಅಂತ ಕೇಳಿದಾಗಲೆಲ್ಲ ಅಜ್ಜಿ, “ದೇವರ ಹೆಸ್ರು ಹಾಕ್ತೀನಿ ಕಣ್ರೀ,” ಅನ್ನುತ್ತಿದ್ದಳು. ಒಳಗೆ ನನಗೆ ತಲೆ ಬಾಚುತ್ತಿದ್ದ ಅಮ್ಮನ ಕೈ ಅಷ್ಟು ಹೊತ್ತು ನಿಲ್ಲುತ್ತಿತ್ತು.

ಭರಣಿಯ ತಳ ಕಾಣುವ ಹೊತ್ತಿಗೆ ಅಜ್ಜಿಗೇ ಜ್ವರ ಬಂತು. ನಮಗೆಲ್ಲ ಬಂದದ್ದು ಒಂದು ಲೆಕ್ಕ, ಅವಳಿಗೆ ಬಂದದ್ದೇ ಒಂದು ಲೆಕ್ಕ. ಜ್ವರ ಇಳಿಯಿತು, ಬೆರಳು ಮಾತ್ರ ಊದಿ ಮುಷ್ಟಿ ಕಟ್ಟಲಾಗದೆ ಹೋಯಿತು. ಸೌಟು ಹಿಡಿಯುವುದಿರಲಿ, ವಿಭೂತಿ ಹಚ್ಚಿಕೊಳ್ಳಲೂ ಆಗುತ್ತಿರಲಿಲ್ಲ. ಒಳಕೋಣೆಯ ಮಂಚದ ಮೇಲೆ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಸೂರು ನೋಡುತ್ತಾ ಮಲಗಿರುತ್ತಿದ್ದಳು. ಹೊರಗೆ ಜಗಲಿಯಲ್ಲಿ ಬಾಟಲಿಗಳು ಕಾಯುತ್ತಿದ್ದವು. ಪುಟ್ಟಮ್ಮಣ್ಣಿಯವರಿಗೇ ಹೀಗಾದರೆ ಅವರ ಎಣ್ಣೆ ಏನು ಮಾಡೀತು ಅಂತ ಯಾರೋ ಅಂದದ್ದು ಕಿಟಕಿಯಿಂದ ಅವಳ ಕಿವಿಗೂ ಬಿತ್ತು. ಆ ದಿನ ಅವಳು ಊಟ ಮಾಡಲಿಲ್ಲ.

ಈಗಲಾದರೂ ಅಮ್ಮನನ್ನು ಕರೆದು ಹೇಳುತ್ತಾಳೆ ಅಂತ ನಾನು ಅಂದುಕೊಂಡೆ. ಅಮ್ಮನೂ ಅಂದುಕೊಂಡಿದ್ದಳು. ಬಾಂಡ್ಲಿಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಒಲೆಯ ಪಕ್ಕದಲ್ಲಿ ಇಟ್ಟಿದ್ದಳು.

ಅಜ್ಜಿ ಕರೆದದ್ದು ನಮ್ಮನ್ನೆಲ್ಲ. ಆದರೆ ಒಬ್ಬೊಬ್ಬರನ್ನೇ, ಬಾಗಿಲು ಹಾಕಿಸಿ.

ನನ್ನ ಸರದಿ ಬಂದಾಗ ಅವಳ ಮಂಚದ ತುದಿಗೆ ಕೂತೆ. “ಕರಡಿಗೆ ಮುಟ್ಟು,” ಅಂದಳು. ನಾನು ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿಕೊಂಡೆ. “ನಾನು ಈಗ ಹೇಳೋದನ್ನ ಯಾರ್ಗೂ ಹೇಳಲ್ಲ ಅನ್ನು. ನಿಮ್ಮಪ್ಪಂಗೂ ಹೇಳ್ಬಾರ್ದು, ನಿಮ್ಮವ್ವಂಗೂ ಹೇಳ್ಬಾರ್ದು.”

“ಹೇಳಲ್ಲ ಅಜ್ಜಿ.”

ಅವಳು ನನ್ನ ಕಿವಿಯನ್ನು ಹತ್ತಿರಕ್ಕೆ ಕರೆದು, “ಲಕ್ಕಿ ಸೊಪ್ಪು,” ಅಂದಳು. “ಹಿನಕಲ್ ಕಡೆ ಹೊಲದ ಬೇಲೀಲಿ ಸಿಗ್ತದೆ. ಬಿಸ್ಲು ಏರೋಕ್ ಮುಂಚೆ ಕೀಳ್ಬೇಕು.”

ನಾನು ನಗು ತಡೆಯಲು ಬಹಳ ಕಷ್ಟಪಟ್ಟೆ. ಎಣ್ಣೆಯಲ್ಲಿ ಲಕ್ಕಿ ಇದೆ ಅನ್ನುವುದು ಮೂಗಿದ್ದವರಿಗೆಲ್ಲ ಗೊತ್ತಿತ್ತು. ಆದರೆ ಉಳಿದದ್ದು ಏನು, ಯಾರಿಗೆ ಏನು ಹೇಳಿದ್ದಾಳೆ ಅನ್ನುವುದು ನನಗೆ ಗೊತ್ತಾಗಲಿಲ್ಲ. ಅದೇ ಅಜ್ಜಿಯ ಉಪಾಯ. ಅಂಗಡಿಗಳಿಗೆ ಹಂಚುತ್ತಿದ್ದ ಗುಟ್ಟನ್ನು ಈ ಸಲ ನಮಗೆ ಹಂಚಿದ್ದಳು. ತುಂಡು ತುಂಡಾಗಿ ಹೇಳಿದರೆ ಹೇಳಿದ ಹಾಗಾಗುವುದಿಲ್ಲ, ಕೈಗುಣವೂ ಎಲ್ಲಿಗೂ ಹೋಗುವುದಿಲ್ಲ ಅಂತ ಅವಳ ಲೆಕ್ಕಾಚಾರ.

ಕೊನೆಗೆ ಅಮ್ಮನನ್ನು ಕರೆದಳು. ಅಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಹೋದಷ್ಟೇ ಬೇಗ ಹೊರಗೆ ಬಂದಳು.

“ಏನಂದ್ರು?” ಅಂದೆ.

“ಕೈಯಾಡಿಸು ಅಂದ್ರು. ಕಣ್ ಮುಚ್ಕೊಂಡು.”

ಅಮ್ಮನ ಮುಖ ನೋಡಲು ನನಗೆ ಆಗಲಿಲ್ಲ. ಅಜ್ಜಿಯ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಹೋಗಿ ಎರಡು ಮಾತು ಆಡಿಯೇ ಬಿಡುತ್ತೇನೆ ಅಂತ ಎದ್ದರೆ ಅಮ್ಮ ಕೈ ಹಿಡಿದು ಕೂರಿಸಿದಳು. “ಬುಡು. ಅವರ ಕೈ ನೋಡಿದ್ಯಾ, ಎಂಗೆ ಊದ್ಕೊಂಡದೆ. ಮೊದ್ಲು ಎಣ್ಣೆ ಆಗ್ಲಿ,” ಅಂದಳು.

ಮಾರನೆಯ ಬೆಳಗ್ಗೆ ಎಲ್ಲರೂ ಗುಟ್ಟಾಗಿ ಹೊರಟೆವು. ನಾನು ಸಿಟಿ ಬಸ್ಸು ಹಿಡಿದು ಹಿನಕಲ್‌ಗೆ ಹೋದೆ. ಆಗಿನ್ನೂ ಆ ಕಡೆ ಹೊಲ, ಬೇಲಿ ಉಳಿದಿದ್ದವು. ಕುಂಟುತ್ತಾ ಹೋಗಿ ಸೊಪ್ಪು ಕಿತ್ತು, ಕಾಲೇಜಿನ ಚೀಲದೊಳಗೆ ತುರುಕಿ, ಮೇಲೆ ದುಪಟ್ಟಾ ಮುಚ್ಚಿ ಬಸ್ಸು ಹತ್ತಿದರೆ ಇಡೀ ಬಸ್ಸು ಘಮ್ಮೆಂದಿತು. ಕಂಡಕ್ಟರ್ ಚೀಟಿ ಹರಿಯುತ್ತಾ, “ಮನೇಲಿ ಯಾರ್ಗಮ್ಮ ಚಿಕನ್ ಗುನ್ಯ?” ಅಂದ. ನಾನು ಆಣೆ ನೆನೆದು ಬಾಯಿ ಬಿಡಲಿಲ್ಲ.

ಚಿಕ್ಕಪ್ಪ ಬೆಟ್ಟದ ತಪ್ಪಲಿಗೆ ಹೋಗಿದ್ದನಂತೆ. ಅವನ ಬಿಳಿ ಶರ್ಟಿನ ತುಂಬ ಎಕ್ಕದ ಹಾಲಿನ ಕಲೆ. ಕೇಳಿದರೆ ಕೋರ್ಟಿನಲ್ಲಿ ಗೋಂದು ಚೆಲ್ಲಿತು ಅಂದ. ರಜೆ ಹಾಕಿದ್ದವನು ಕೋರ್ಟಿಗೆ ಯಾಕೆ ಹೋದ ಅಂತ ಯಾರೂ ಕೇಳಲಿಲ್ಲ. ಅಪ್ಪ ಗ್ರಂಧಿಗೆ ಅಂಗಡಿಯಿಂದ ಬಂದವನು ಶರ್ಟಿನೊಳಗೆ ಪೊಟ್ಟಣ ಇಟ್ಟುಕೊಂಡು, ಹೊಟ್ಟೆ ಬಂದವರ ಹಾಗೆ ನಡೆಯುತ್ತಾ ಒಳಗೆ ಹೋದ. ಬೆಳ್ಳುಳ್ಳಿಯ ವಾಸನೆ ಅವನ ಹಿಂದೆಯೇ ಹೋಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಡುಮನೆಯಲ್ಲಿ ಕೂತೆವು.

ಮಧ್ಯಾಹ್ನ ಅಮ್ಮ ಒಲೆ ಹಚ್ಚಿ ಬಾಂಡ್ಲಿ ಇಟ್ಟಳು. ಹರಳೆಣ್ಣೆ, ಎಳ್ಳೆಣ್ಣೆ ಎರಡನ್ನೂ ಅಜ್ಜಿಯೇ ಅಳೆಸಿ ಕೊಟ್ಟಿದ್ದಳು. ಅವೆರಡು ಗುಟ್ಟಿನೊಳಗೆ ಸೇರಿರಲಿಲ್ಲ. ಅಡುಗೆಮನೆಗೆ ತಾಗಿಯೇ ಅಜ್ಜಿಯ ಕೋಣೆ. ನಡುವೆ ಒಂದು ಪರದೆ ಅಷ್ಟೇ. ಅವಳು ಮಲಗಿದಲ್ಲಿಂದಲೇ ಒಬ್ಬೊಬ್ಬರನ್ನಾಗಿ ಒಳಗೆ ಬಿಡುತ್ತಿದ್ದಳು. ನನ್ನನ್ನು ಬಾಗಿಲಲ್ಲಿ ಬೆನ್ನು ಮಾಡಿ ನಿಲ್ಲಿಸಿದ್ದಳು, ಯಾರೂ ಇಣುಕದ ಹಾಗೆ.

“ಶಾಂತ, ಗೋಡೆ ಕಡೆ ತಿರುಗ್ಕೊಂಡಿದ್ದೀಯಾ?”

“ತಿರುಗ್ಕೊಂಡಿದ್ದೀನಿ ಅತ್ತೆ.”

“ಕಣ್ಣು?”

“ಮುಚ್ಚಿದ್ದೀನಿ.”

ನನಗೆ ಬೆನ್ನು ಮಾಡಿ ನಿಲ್ಲುವ ಅಭ್ಯಾಸವಿಲ್ಲ, ನಾನು ನೋಡಿದೆ. ಅಮ್ಮ ನಿಜವಾಗಿಯೂ ಗೋಡೆಯ ಕಡೆ ಮುಖ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಒಂದು ಕೈಯನ್ನು ಪಕ್ಕಕ್ಕೆ ಚಾಚಿ ಸೌಟು ಆಡಿಸುತ್ತಿದ್ದಳು. ಕಳ್ಳತನದಲ್ಲಿ ಒಂದು ಸಲವೂ ಕಣ್ಣು ಬಿಡಲಿಲ್ಲ. ಮೊದಲು ನಾನು ನನ್ನ ಸೊಪ್ಪು ಹಾಕಿ ಬಂದೆ. ಅಪ್ಪ ಮೆಂತ್ಯ, ಬೆಳ್ಳುಳ್ಳಿ, ನುಗ್ಗೆ ಚಕ್ಕೆ ಹಾಕಿದ. ಆಮೇಲೆ ಚಿಕ್ಕಪ್ಪ ಬಂದು ಎಕ್ಕದ ಎಲೆ ಹಾಕಿ, ಜೇಬಿನಿಂದ ಪೊಟ್ಟಣ ತೆಗೆದು ಅವನೂ ನುಗ್ಗೆ ಚಕ್ಕೆಯನ್ನೇ ಹಾಕಿದ. ಇದೇನು, ಒಂದೇ ಪದಾರ್ಥ ಎರಡು ಸಲ ಬಿತ್ತಲ್ಲ ಅನ್ನಿಸಿತು. ಎರಡು ಸಲ ಹಾಕುವುದೇ ಕ್ರಮವೇನೋ ಅಂತ ಸುಮ್ಮನಾದೆ. ಕೇಳೋಣವೆಂದರೆ ನಾನು ನೋಡಿದ್ದನ್ನು ಒಪ್ಪಿಕೊಳ್ಳಬೇಕಲ್ಲ.

ನಡೆದದ್ದು ಇಷ್ಟೇ. ಜ್ವರ ಬಿಟ್ಟ ಸುಸ್ತಿನಲ್ಲಿ ಅಜ್ಜಿ ನುಗ್ಗೆ ಚಕ್ಕೆಯನ್ನು ಇಬ್ಬರಿಗೂ ಹೇಳಿದ್ದಳು. ಇನ್ನೊಂದು ಪದಾರ್ಥವನ್ನು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಆಣೆ ಮಾಡಿದವರೇ, ಹಾಗಾಗಿ ಒಬ್ಬರನ್ನೊಬ್ಬರು ಕೇಳಿ ಸರಿಮಾಡಿಕೊಳ್ಳುವ ದಾರಿಯೇ ಇರಲಿಲ್ಲ.

ಎಲೆಗಳೆಲ್ಲ ಕರಕಲಾಗಿ ಎಣ್ಣೆ ಹಸಿರುಗಪ್ಪಾಯಿತು. ಮನೆಯ ತುಂಬ ವಾಸನೆ ಹರಡಿತು. ಆದರೆ ಅದು ನಮ್ಮ ಎಣ್ಣೆಯ ವಾಸನೆಯಲ್ಲ. ಅಪ್ಪ ಅಂಗಡಿಯಿಂದ ಒಳಗೆ ಬಂದು ಮೂಗರಳಿಸಿ, “ಯಾಕೋ ವಾಸ್ನೆ...” ಅಂದು ನಾಲಿಗೆ ಕಚ್ಚಿಕೊಂಡ. ಚಿಕ್ಕಪ್ಪ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಒಳಗಿನಿಂದ ಅಜ್ಜಿಯ ಮಂಚ ಕಿರುಗುಟ್ಟಿತು. ಅವಳಿಗೂ ಗೊತ್ತಾಗಿತ್ತು. ಏನು ತಪ್ಪಿದೆ ಅಂತ ಹೊಳೆಯದೆ, ಊದಿದ ಬೆರಳಿನಲ್ಲಿ ಎಣಿಸಲು ಹೊರಟು, ಆಗದೆ ಬಿಟ್ಟದ್ದು ಪರದೆಯ ಸಂದಿಯಿಂದ ನನಗೆ ಕಂಡಿತು. ಹೊರಗೆ ಜಗಲಿಯಲ್ಲಿ ಟೀಚರಮ್ಮನ ದನಿ ಕೇಳುತ್ತಿತ್ತು, ಎಣ್ಣೆ ಆಯಿತೇ ಅಂತ. ಈ ಎಣ್ಣೆ ಹೊರಗೆ ಹೋದರೆ ಸಂಜೆಯೊಳಗೆ ಇಡೀ ಬೀದಿ ಹೇಳುತ್ತಿತ್ತು, ಪುಟ್ಟಮ್ಮಣ್ಣಿಯವರ ಕಾಲ ಮುಗಿಯಿತು ಅಂತ.

ಅಮ್ಮ ಕಣ್ಣು ಬಿಟ್ಟಳು. ಬಾಂಡ್ಲಿ ನೋಡಿದಳು. ಪರದೆಯ ಕಡೆ ನೋಡಿದಳು. ಆಮೇಲೆ ಒಲೆ ಆರಿಸಿ, ಶೆಲ್ಫಿನಿಂದ ಡಬ್ಬಿ ಇಳಿಸಿ, ಒಂದು ಹಿಡಿ ಓಮ ತೆಗೆದು ಅಂಗೈಯಲ್ಲಿ ಉಜ್ಜಿ ಎಣ್ಣೆಗೆ ಹಾಕಿದಳು. ಚುಂಯ್ ಅಂತ ನೊರೆ ಎದ್ದಿತು. ಅದರ ಹಿಂದೆಯೇ ನಮ್ಮ ಎಣ್ಣೆಯ ವಾಸನೆ ಬಂತು. ನಾನು ಹುಟ್ಟಿದಾಗಿನಿಂದ ಮೂಸಿದ ವಾಸನೆ.

ಅಜ್ಜಿ ಏನನ್ನುತ್ತಾಳೋ ಅಂತ ನಾನು ಪರದೆಯ ಕಡೆ ನೋಡಿದೆ.

“ಶಾಂತ,” ಅಂದಳು ಅಜ್ಜಿ ಪರದೆಯ ಆಚೆಯಿಂದ. “ಒಲೆ ಆರ್ಸಿ ತಾನೆ ಹಾಕಿದ್ದು?”

“ಆರ್ಸೇ ಹಾಕಿದ್ದು ಅತ್ತೆ.”

“ಹೂಂ,” ಅಂದಳು.

ಎಣ್ಣೆ ಆರಿದ ಮೇಲೆ ಅಮ್ಮ ಸೋಸಿ ಭರಣಿಗೆ ಹಾಕಿದಳು. ಹೊರಗಿನವರಿಗೆ ಸಂಜೆ ಬರಲು ಹೇಳಿ ಕಳಿಸಿ, ಒಂದು ಬಟ್ಟಲಲ್ಲಿ ಬೆಚ್ಚಗಿನ ಎಣ್ಣೆ ತೆಗೆದುಕೊಂಡು ಅಜ್ಜಿಯ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಾಗಿಲ ಪಕ್ಕ ಕೂತೆ. ಬೀದಿಗೆಲ್ಲ ಎಣ್ಣೆ ಹಚ್ಚಿದ ಅಜ್ಜಿ ತನ್ನ ಮೈಗೆ ಇನ್ನೊಬ್ಬರ ಕೈ ತಾಗಲು ಬಿಟ್ಟದ್ದು ನಾನು ನೋಡಿರಲಿಲ್ಲ. ಈ ಸಲ ತಾನಾಗಿ ಕೈ ಚಾಚಿದಳು. ಅಮ್ಮ ಒಂದೊಂದೇ ಬೆರಳನ್ನು ಹಿಡಿದು ಗಿಣ್ಣಿನ ಸುತ್ತ ತೀಡತೊಡಗಿದಳು.

“ಯಾವಾಗಿಂದ ಗೊತ್ತು?” ಅಂದಳು ಅಜ್ಜಿ.

“ಬಂದ ವರ್ಷದಿಂದಾನೇ ಅತ್ತೆ.”

“ಯಾರ್ ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಬಾಂಡ್ಲಿ ತೊಳೆಯೋಳು ನಾನಲ್ವೇ. ಗಸಿನೆಲ್ಲ ತಳದಲ್ಲೇ ಬುಟ್ಟಿರ್ತೀರ. ಎಲೆ ಯಾವ್ದು, ಚಕ್ಕೆ ಯಾವ್ದು, ಕಾಳು ಯಾವ್ದು ಅಂತ ಕೈಗೇ ಸಿಕ್ತದೆ. ಎಲ್ಲಾ ಸುಟ್ಟು ಕರ‍್ರಗಾಗಿದ್ರೂ ಓಮ ಮಾತ್ರ ಸುಟ್ಟಿರ್ತಿರ್ಲಿಲ್ಲ. ಹಂಗಾದ್ರೆ ಒಲೆ ಆರಿಸಿದ ಮೇಲೆ ಹಾಕ್ತಾರೆ ಅಂದ್ಕೊಂಡೆ.”

ನನಗೆ ನಗು ಉಕ್ಕಿ ಬಂತು. ಬಾಗಿಲು ಹಾಕಿ, ಅಂಗಡಿ ಬದಲಿಸಿ, ಆಣೆ ಹಾಕಿಸಿ ಕಾಪಾಡಿದ ಗುಟ್ಟನ್ನು ಅಜ್ಜಿ ಪ್ರತಿ ಸಲವೂ ತಾನೇ ಬಾಂಡ್ಲಿಯ ಸಮೇತ ಸೊಸೆಯ ಮುಂದೆ ಇಡುತ್ತಿದ್ದಳು. ತೊಳೆಯುವ ಪಾತ್ರೆ ತನಗೆ ಸೇರಿದ್ದಲ್ಲ ಅಂದುಕೊಂಡಿದ್ದ ಅತ್ತೆಗೆ ಅದು ತೋಚುವುದಾದರೂ ಹೇಗೆ. ಆದರೆ ಅವರಿಬ್ಬರ ಮುಖ ನೋಡಿ ನಾನು ನಗು ನುಂಗಿಕೊಂಡೆ.

“ಇಷ್ಟು ವರ್ಷದಿಂದ ಗೊತ್ತಿದ್ರೂ ನೀನ್ಯಾಕೆ ಒಂದ್ಸಲಾನೂ ಮಾಡ್ಲಿಲ್ಲ? ನಿಮ್ಮವ್ವಂಗೆ ಮಂಡಿ ನೋವು ಅಂದಾಗ್ಲೂ ನನ್ ಹತ್ರಾನೇ ಬಾಟ್ಲಿ ತಂದು ಇಟ್ಟೆ.”

ಅಮ್ಮ ಬೆರಳು ತೀಡುವುದನ್ನು ನಿಲ್ಲಿಸಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದಳು. “ಗೊತ್ತಿರೋದು ಬೇರೆ ಅತ್ತೆ. ನೀವಾಗಿ ಹೇಳ್ತೀರ ಅಂತ ಕಾಯ್ತಿದ್ದೆ.”

ಅಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅಳುತ್ತಿದ್ದಾಳೋ ಏನೋ ನನಗೆ ಕಾಣಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಈ ಕಡೆ ತಿರುಗಿ, “ನನ್ನ ಎತ್ತಿ ಕೂರ್ಸು,” ಅಂದಳು. ಅಮ್ಮ ದಿಂಬು ಕೊಟ್ಟು ಕೂರಿಸಿದಳು. ಅಜ್ಜಿ ಸೆರಗು ಸರಿಮಾಡಿಸಿಕೊಂಡು, ಪೂಜೆಗೆ ಕೂತವಳ ಹಾಗೆ ನೆಟ್ಟಗೆ ಕೂತು, “ಕೇಳಿಸ್ಕೋ,” ಅಂದಳು.

ಹೇಳಿದಳು. ಮೊದಲಿನಿಂದ, ಒಂದನ್ನೂ ಬಿಡದೆ. ಹರಳೆಣ್ಣೆಗೆ ಎಳ್ಳೆಣ್ಣೆ ಎಷ್ಟು, ಯಾವ ಸೊಪ್ಪು ಮುಂಚೆ, ಯಾವುದು ಆಮೇಲೆ, ನುಗ್ಗೆ ಚಕ್ಕೆಯನ್ನು ಎಷ್ಟು ಹೊತ್ತು ನೆನೆಹಾಕಬೇಕು, ಎಣ್ಣೆ ಹದಕ್ಕೆ ಬಂದದ್ದು ಹೇಗೆ ತಿಳಿಯುತ್ತದೆ. ಅಮ್ಮನಿಗೆ ಅದರಲ್ಲಿ ಗೊತ್ತಿಲ್ಲದ್ದು ಬಹಳವೇನೂ ಇರಲಿಲ್ಲ. ಆದರೂ ನೆಲದ ಮೇಲೆ ಮಂಡಿಯೂರಿ ಕೂತು, ಅಜ್ಜಿಯ ಮುಖವನ್ನೇ ನೋಡುತ್ತಾ, ಒಂದೊಂದಕ್ಕೂ ‘ಹೂಂ ಅತ್ತೆ, ಹೂಂ ಅತ್ತೆ’ ಅನ್ನುತ್ತಾ ಕೇಳಿಸಿಕೊಂಡಳು. ನುಗ್ಗೆ ಚಕ್ಕೆಯ ಹತ್ತಿರ ಬಂದಾಗ, “ಈ ಸಲ ಎರಡು ಪಾಲು ಬಿದ್ದದೆ ಅತ್ತೆ,” ಅಂದಳು. ಅಜ್ಜಿ, “ಬೀಳ್ಲಿ, ಒಳ್ಳೇದೇಯ,” ಅಂದಳು. ಎಲ್ಲ ಮುಗಿಸಿ ಅಜ್ಜಿ ತನ್ನ ಎರಡೂ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು.

ಆ ಎಣ್ಣೆಯಿಂದಲೇ ಅವಳ ಬೆರಳು ಸರಿಹೋಯಿತು ಅಂತ ನಾನು ಹೇಳಲಾರೆ. ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ, ಚಳಿಗಾಲ ಬರುವ ಹೊತ್ತಿಗೆ ನಮ್ಮೆಲ್ಲರ ನೋವೂ ಹೋಯಿತು. ಆದರೆ ದಿನಾ ಸಂಜೆ ಅಮ್ಮನ ಬೆಚ್ಚಗಿನ ಕೈಗೆ ತನ್ನ ಕೈ ಕೊಟ್ಟು ಕೂತಾಗ ಅಜ್ಜಿಯ ಹಣೆಯ ಗಂಟು ಸಡಿಲುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಈಗ ಅಮ್ಮನೇ ಅಜ್ಜಿಯ ವಯಸ್ಸಿಗೆ ಬಂದಿದ್ದಾಳೆ, ಯಾರೇ ಕೇಳಿದರೂ ಎಣ್ಣೆಯ ವಿವರ ಪೂರ್ತಿ ಹೇಳುತ್ತಾಳೆ. ಅದಕ್ಕೇ ನಾನೂ ಇಲ್ಲಿ ಧೈರ್ಯವಾಗಿ ಬರೆದೆ. ಯಾರು ಕಲಿಸಿದರು ಅಂತ ಕೇಳಿದರೆ ನಮ್ಮತ್ತೆ ಹೇಳಿಕೊಟ್ಟದ್ದು ಅನ್ನುತ್ತಾಳೆ. ಬಾಂಡ್ಲಿಯ ಮಾತು ಎತ್ತುವುದಿಲ್ಲ.

ಎಣ್ಣೆ ಕಾಯಿಸಿದ ಆ ದಿನ ಸಂಜೆ ಟೀಚರಮ್ಮ ಬಾಟಲಿ ಹಿಡಿದುಕೊಂಡು ಬಂದರು. ವಾಡಿಕೆಯಂತೆ ಸೀದಾ ಅಜ್ಜಿಯ ಮಂಚದ ಹತ್ತಿರ ಹೋಗಿ, “ಪುಟ್ಟಮ್ಮಣ್ಣಿಯೋರೆ, ನಿಮ್ಮ ಎಣ್ಣೆ ಆಯ್ತಂತೆ, ವಾಸ್ನೆ ನಮ್ಮನೆವರೆಗೂ ಬಂತು,” ಅಂದರು.

“ನನ್ನೆಣ್ಣೆ ಎಲ್ಲಿ ಬಂತು,” ಅಂದಳು ಅಜ್ಜಿ. “ನಮ್ ಶಾಂತನ ಎಣ್ಣೆ ಅದು. ಅವ್ಳನ್ನ ಕೇಳಿ, ಅವಳೇ ಹಚ್ಕೊಡ್ತಾಳೆ. ನಂಗಿಂತ ಅವ್ಳ ಕೈಗುಣ ಚೆನ್ನಾಗದೆ.”

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಬಾಟಲಿ ಇಸಿದುಕೊಂಡು ಭರಣಿ ಬಗ್ಗಿಸಿದಳು. ಒಂದು ತೊಟ್ಟು ಆಚೆ ಈಚೆ ಮಾಡದವಳು, ಆ ಸಲ ಕಣ್ಣು ಮಂಜಾಗಿ ಬಾಟಲಿಯ ಬಾಯಿ ಕಾಣದೆ, ಅರ್ಧ ಎಣ್ಣೆಯನ್ನು ನೆಲಕ್ಕೇ ಸುರಿದಳು. ಹನಿ ಎಣ್ಣೆ ಚೆಲ್ಲಿದರೂ ಮನೆ ಮೇಲೆ ಕೆಳಗೆ ಮಾಡುವ ಅಜ್ಜಿ ಅದನ್ನು ನೋಡಿಯೂ ಒಂದು ಮಾತೂ ಆಡಲಿಲ್ಲ.